ಕೆನೆ, ಎಣ್ಣೆ, ನೀರು: ಸೆಪರೇಟರ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳೆಲ್ಲ ಒಂದೇ ಯಂತ್ರದ ಸುತ್ತ ಇವೆ. ಹರಿಯುತ್ತಿರುವ ದ್ರವವನ್ನು ನಿಲ್ಲಿಸದೆ, ಗರಗರ ತಿರುಗಿಸುತ್ತಲೇ ಹಗುರ ಭಾಗ ಒಂದು ಕಡೆಗೆ, ಭಾರದ ಭಾಗ ಇನ್ನೊಂದು ಕಡೆಗೆ ಹೊರಬರುವಂತೆ ಮಾಡುವ ಡಿಸ್ಕ್ ಸೆಪರೇಟರ್ ಅದು. ಅದರೊಳಗೆ ತಿರುಗುವ ಪಾತ್ರೆಗೆ ಬೌಲ್ ಎನ್ನುತ್ತಾರೆ. ಪತ್ರ ಬರೆದವರಲ್ಲಿ ಹಲವರು "ಆರ್‌ಪಿಎಂ ಏರಿಸಿದರೆ ಸರಿಹೋಗುತ್ತದೆಯೇ?" ಎಂದು ಕೇಳಿದ್ದಾರೆ. ಈ ಯಂತ್ರದಲ್ಲಿ ಕೈಹಾಕಬೇಕಾದ ಕೊನೆಯ ಸಂಗತಿ ಅದು.

ಪ್ರಶ್ನೆ: ನಮ್ಮದು ಲೇತ್ ಮತ್ತು ಶೀಟ್ ಕೆಲಸದ ವರ್ಕ್‌ಶಾಪ್. ಗಂಟೆಗೆ 500 ಲೀಟರ್ ಹಾಲಿನ ಕೆನೆ ತೆಗೆಯುವ ಯಂತ್ರವನ್ನು ನಾವೇ ವಿನ್ಯಾಸ ಮಾಡಬೇಕೆಂದಿದ್ದೇವೆ. ಬೌಲ್ ಅಳತೆ, ಡಿಸ್ಕ್ ಸಂಖ್ಯೆ, ವೇಗ ಇವುಗಳ ಲೆಕ್ಕ ಹೇಗೆ? (ಶಿವಮೊಗ್ಗ)

ಜಿಡ್ಡಿನ ಕಣದಿಂದ ಶುರು ಮಾಡಿ. ಹಾಲಿನಲ್ಲಿ ಕೊಬ್ಬು ಸಣ್ಣ ಗುಂಡುಗಳಾಗಿ ತೇಲುತ್ತಿರುತ್ತದೆ. ಸರಾಸರಿ ವ್ಯಾಸ 3-4 ಮೈಕ್ರಾನ್. ದೊಡ್ಡ ಗುಂಡುಗಳು ಹೇಗೂ ಬಂದೇ ಬರುತ್ತವೆ. ಯಂತ್ರ ಎಷ್ಟು ದೊಡ್ಡದಿರಬೇಕು ಎಂದು ಹೇಳುವುದು ನೀವು ಬಿಡಬಾರದೆಂದುಕೊಂಡ ಅತಿ ಚಿಕ್ಕ ಗುಂಡು.

ಗುಂಡು ತಾನಾಗಿ ಮೇಲೇರುವ ವೇಗಕ್ಕೆ ಸ್ಟೋಕ್ಸ್ ನಿಯಮವಿದೆ: ವ್ಯಾಸದ ವರ್ಗ × ಸಾಂದ್ರತೆಯ ವ್ಯತ್ಯಾಸ × ಗುರುತ್ವ ÷ (18 × ಸ್ನಿಗ್ಧತೆ). ಸ್ನಿಗ್ಧತೆ ಎಂದರೆ ದ್ರವ ಎಷ್ಟು ಮಂದ ಎಂಬ ಅಳತೆ. 50°ಸೆ. ಹಾಲಿಗೆ ಸಾಂದ್ರತೆಯ ವ್ಯತ್ಯಾಸ ಘನ ಮೀಟರಿಗೆ ಸುಮಾರು 115 ಕೆ.ಜಿ., ಸ್ನಿಗ್ಧತೆ ಸುಮಾರು 0.9 ಮಿಲಿಪ್ಯಾಸ್ಕಲ್-ಸೆಕೆಂಡ್ ಎಂದಿಟ್ಟುಕೊಂಡರೆ 1 ಮೈಕ್ರಾನ್ ಗುಂಡು ಗಂಟೆಗೆ ಕಾಲು ಮಿಲಿಮೀಟರ್ ಏರುತ್ತದೆ. 3 ಮೈಕ್ರಾನಿನದು ಅದರ ಒಂಬತ್ತು ಪಟ್ಟು, ಅಂದರೆ 2.25 ಮಿ.ಮೀ. ಪಾತ್ರೆಯಲ್ಲಿಟ್ಟ ಹಾಲಿನ ಮೇಲೆ ಕೆನೆ ಕಟ್ಟಲು ರಾತ್ರಿಯಿಡೀ ಬೇಕಾಗುವುದು ಇದಕ್ಕೇ.

ಬೌಲ್ ಒಳಗೆ ನಾವು ಮಾಡುವುದು ಎರಡು ಕೆಲಸ. ಒಂದು, ಗುರುತ್ವದ ಜಾಗದಲ್ಲಿ ಅದರ ಸಾವಿರಾರು ಪಟ್ಟು ಬಲ ತರುವುದು. ಎರಡು, ಗುಂಡು ಸಾಗಬೇಕಾದ ದಾರಿಯನ್ನು ಅರ್ಧ ಮಿಲಿಮೀಟರಿಗೆ ಇಳಿಸುವುದು. ಎರಡನೆಯ ಕೆಲಸ ಡಿಸ್ಕ್‌ಗಳದು. ಕವುಚಿ ಹಾಕಿದ ಬಾಣಲೆಗಳ ಹಾಗೆ ಒಂದರ ಮೇಲೊಂದು ಕೂತ ಶಂಕುವಿನಾಕಾರದ ತೆಳು ತಗಡುಗಳು ಇವು. ಎರಡು ಡಿಸ್ಕ್ ನಡುವಿನ ಸಂದಿಯಲ್ಲಿ ಹಗುರವಾದ ಕೊಬ್ಬು ನಡುಗಂಬದತ್ತ ಸರಿದು ಕೆಳಗಿನ ಡಿಸ್ಕ್‌ನ ಬೆನ್ನಿಗೆ ತಾಗುತ್ತದೆ, ಅದೇ ಬೆನ್ನನ್ನು ಹಿಡಿದು ಒಳಕ್ಕೆ ಏರುತ್ತದೆ. ಭಾರದ ಹಾಲು ಮತ್ತು ಕಸ ಮೇಲಿನ ಡಿಸ್ಕ್‌ನ ಒಳಮೈ ಹಿಡಿದು ಹೊರಕ್ಕೆ ಜಾರುತ್ತವೆ.

ಇಡೀ ಬೌಲ್ ಎಷ್ಟು ಅಗಲದ ನಿಂತ ತೊಟ್ಟಿಗೆ ಸಮ ಎಂಬ ಲೆಕ್ಕಕ್ಕೆ ಸಿಗ್ಮಾ ಎನ್ನುತ್ತಾರೆ:

ಸಿಗ್ಮಾ = 2 × ಪೈ × ಸಂದಿಗಳ ಸಂಖ್ಯೆ × ಕೋನೀಯ ವೇಗದ ವರ್ಗ × (ಡಿಸ್ಕ್ ಹೊರ ತ್ರಿಜ್ಯದ ಘನ − ಒಳ ತ್ರಿಜ್ಯದ ಘನ) ÷ (3 × 9.81 × ಅರ್ಧಕೋನದ ಟ್ಯಾಂಜೆಂಟ್)

ಅರ್ಧಕೋನ ಎಂದರೆ ನಡುಗಂಬಕ್ಕೂ ಡಿಸ್ಕ್‌ನ ಇಳಿಜಾರಿಗೂ ನಡುವಿನ ಕೋನ. ನಿಮ್ಮ ಯಂತ್ರಕ್ಕೆ ಈ ಅಳತೆ ಹಿಡಿಯೋಣ: ಹೊರ ತ್ರಿಜ್ಯ 75 ಮಿ.ಮೀ., ಒಳ ತ್ರಿಜ್ಯ 35 ಮಿ.ಮೀ., ಅರ್ಧಕೋನ 40 ಡಿಗ್ರಿ, 40 ಸಂದಿ, 7,200 ಆರ್‌ಪಿಎಂ (ಸೆಕೆಂಡಿಗೆ 754 ರೇಡಿಯನ್). ಡಿಸ್ಕ್ ಅಂಚಿನಲ್ಲಿ ಗುರುತ್ವದ ಸುಮಾರು 4,350 ಪಟ್ಟು ಬಲ ಸಿಗುತ್ತದೆ. ಸಿಗ್ಮಾ ಸುಮಾರು 2,190 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಇಪ್ಪತ್ತೆರಡು ಗುಂಟೆ ಜಮೀನಿನಷ್ಟು ಅಗಲದ ತೊಟ್ಟಿ, ಒಂದು ಕೊಡದೊಳಗೆ.

ಸಿಗ್ಮಾವನ್ನು ಗುಂಡಿನ ವೇಗದಿಂದ ಗುಣಿಸಿದರೆ ಹರಿವು ಸಿಗುತ್ತದೆ. 1 ಮೈಕ್ರಾನ್ ಗುಂಡಿಗೆ ಕಾಗದದ ಮೇಲೆ ಗಂಟೆಗೆ ಸುಮಾರು 550 ಲೀಟರ್. ಆದರೆ ಕಾಗದದ ಲೆಕ್ಕ ಬೌಲಿನಲ್ಲಿ ಪೂರ್ತಿ ಕೈಗೆ ಬರುವುದಿಲ್ಲ. ಎಲ್ಲ ಸಂದಿಗೂ ಹಾಲು ಸಮನಾಗಿ ಹಂಚಿಕೆಯಾಗದು, ಒಳಬರುವಾಗ ಸುಳಿ ಏಳುತ್ತದೆ. 55% ಎಂದು ಹಿಡಿಯುವುದು ಕ್ಷೇಮ. ಆಗ 500 ಲೀಟರ್ ಹರಿವಿನಲ್ಲಿ 1.3 ಮೈಕ್ರಾನಿನವರೆಗಿನ ಗುಂಡುಗಳು ಸಿಗುತ್ತವೆ. ಇದು ಒಳ್ಳೆಯ ಕೆಲಸ.

ಇದನ್ನೇ ಇನ್ನೊಂದು ದಾರಿಯಲ್ಲಿ ತಾಳೆ ನೋಡಿ. ಸಂದಿ ಅರ್ಧ ಮಿ.ಮೀ. ಇದ್ದರೆ ಗುಂಡು ಅಡ್ಡಕ್ಕೆ ಸಾಗಬೇಕಾದ ದೂರ 0.65 ಮಿ.ಮೀ. ಅಂಚಿನ ಬಳಿ 1.3 ಮೈಕ್ರಾನ್ ಗುಂಡಿನ ವೇಗ ಸೆಕೆಂಡಿಗೆ ಅರ್ಧ ಮಿ.ಮೀ., ಅಂದರೆ 1.3 ಸೆಕೆಂಡ್ ಸಾಕು. ಸಂದಿಗಳಲ್ಲಿ ಒಟ್ಟು 0.43 ಲೀಟರ್ ಹಾಲು ಹಿಡಿಯುತ್ತದೆ, ಅದು ಒಳಗಿರುವ ಸಮಯ 3 ಸೆಕೆಂಡ್. ಒಳಕ್ಕೆ ಹೋದಂತೆ ಬಲ ಕುಗ್ಗುವುದನ್ನು ಸೇರಿಸಿದರೂ ಸಮಯ ಸಾಲುತ್ತದೆ.

ಸೂತ್ರದಲ್ಲಿ ಸಂದಿಯ ದಪ್ಪವೇ ಇಲ್ಲ, ಗಮನಿಸಿದಿರಾ? ಸಂದಿ ಕಿರಿದಾದಷ್ಟೂ ಅದೇ ಎತ್ತರದಲ್ಲಿ ಹೆಚ್ಚು ಡಿಸ್ಕ್ ಹಿಡಿಯುತ್ತದೆ, ಲಾಭ ಅಷ್ಟೇ. ಹಾಲಿಗೆ 0.4-0.5 ಮಿ.ಮೀ. ಸಂದಿ ಇಡಿ. ಅದಕ್ಕಿಂತ ಇಳಿಸಿದರೆ ಕಸ ಕಟ್ಟಿಕೊಂಡು ತೊಳೆಯುವುದೇ ಕಷ್ಟವಾಗುತ್ತದೆ. ಡಿಸ್ಕ್ ತಗಡು 0.4-0.6 ಮಿ.ಮೀ. ಸ್ಟೇನ್‌ಲೆಸ್ ಇರಲಿ. ಸಂದಿ ಕಾಯಲು ಪ್ರತಿ ಡಿಸ್ಕ್ ಬೆನ್ನಿಗೆ ಸಂದಿಯಷ್ಟೇ ದಪ್ಪದ ಸಣ್ಣ ಪಟ್ಟಿಗಳನ್ನು ಸ್ಪಾಟ್ ವೆಲ್ಡ್ ಮಾಡಬೇಕು. ಹಾಲು ಮೇಲೇರುವ ರಂಧ್ರಗಳು ಎಲ್ಲ ಡಿಸ್ಕ್‌ಗಳಲ್ಲೂ ಒಂದೇ ಸಾಲಿಗೆ ಬರಬೇಕು. ನಡುಗಂಬದಲ್ಲಿ ಒಂದು ಕೀ ಇಟ್ಟು ಡಿಸ್ಕ್ ತಿರುಗಿ ಕೂರದಂತೆ ಮಾಡಿ.

ಈಗ ವೇಗದ ಮಾತು. ಉತ್ಪಾದನೆ ದುಪ್ಪಟ್ಟು ಬೇಕೆಂದರೆ ಎರಡು ದಾರಿ: 40 ಸಂದಿಗೆ ಬದಲು 80, ಇಲ್ಲವೇ 7,200ಕ್ಕೆ ಬದಲು ಸುಮಾರು 10,200 ಆರ್‌ಪಿಎಂ. ಮೊದಲನೆಯದರಲ್ಲಿ ಬೌಲ್ ಎತ್ತರವಾಗುತ್ತದೆ, ತೂಕ ಏರುತ್ತದೆ, ಗೋಡೆಯ ಎಳೆತ ಬಹುತೇಕ ಹಾಗೆಯೇ ಇರುತ್ತದೆ. ಎರಡನೆಯದರಲ್ಲಿ ಬೌಲಿನ ಪ್ರತಿ ಭಾಗದ ಎಳೆತವೂ ದುಪ್ಪಟ್ಟು.

ಎಳೆತ ಎಷ್ಟು? ಬೌಲಿನ ಒಳ ತ್ರಿಜ್ಯ 95 ಮಿ.ಮೀ., ಗೋಡೆ 8 ಮಿ.ಮೀ. ಎನ್ನಿ. ಅಂಚಿನ ವೇಗ ಸೆಕೆಂಡಿಗೆ 72 ಮೀಟರ್. ಉಕ್ಕು ತನ್ನದೇ ತೂಕವನ್ನು ಹಿಡಿದಿಟ್ಟುಕೊಳ್ಳಲು 40 ಮೆಗಾಪ್ಯಾಸ್ಕಲ್ ಬೇಕು (ಸಾಂದ್ರತೆ × ವೇಗದ ವರ್ಗ). ಒಳಗಿನ ಹಾಲು ಗೋಡೆಯ ಮೇಲೆ ಸುಮಾರು 24 ಬಾರ್ ಒತ್ತಡ ಹಾಕುತ್ತದೆ, ಅದರಿಂದ ಇನ್ನೊಂದು 28. ಒಟ್ಟು 68-70. ಹದಮಾಡಿದ 304 ಸ್ಟೇನ್‌ಲೆಸ್ ಸುಮಾರು 205 ಮೆಗಾಪ್ಯಾಸ್ಕಲ್ ತನಕ ಬಾಗದೆ ನಿಲ್ಲುತ್ತದೆ. ಮೂರು ಪಟ್ಟು ಭದ್ರತೆ ಇದೆ, ಸಾಕಲ್ಲ ಎನಿಸಬಹುದು. ಆದರೆ ಬೌಲ್ ಒಡೆಯುವುದು ಸಾಮಾನ್ಯವಾಗಿ ನೇರ ಗೋಡೆಯಲ್ಲಲ್ಲ, ಮುಚ್ಚಳ ಹಿಡಿಯುವ ಲಾಕ್ ರಿಂಗ್‌ನ ಮರೆಯಲ್ಲಿ (ತಿರುಪಿನ ಥ್ರೆಡ್). ಅದೇ 24 ಬಾರ್ ಮುಚ್ಚಳವನ್ನು ಮೇಲಕ್ಕೆ ದೂಡುತ್ತದೆ. ಈ ಅಳತೆಗೆ ಆ ಬಲ ಸುಮಾರು 30,000 ನ್ಯೂಟನ್, ಅಂದರೆ ಮೂರು ಟನ್. ಮರೆಯ ಬುಡ ಚೂಪಾಗಿ ಕತ್ತರಿಸಿದ್ದರೆ ಎಳೆತ ಅಲ್ಲಿ ಎರಡು ಮೂರು ಪಟ್ಟಾಗುತ್ತದೆ, ಪ್ರತಿ ಚಾಲನೆಗೂ ನಿಲುಗಡೆಗೂ ಅದು ದಣಿಯುತ್ತದೆ. 12 ಕೆ.ಜಿ. ಬೌಲಿನಲ್ಲಿ ಪೂರ್ಣ ವೇಗದಲ್ಲಿ ತುಂಬಿರುವ ಶಕ್ತಿ ಅದನ್ನು 120 ಮೀಟರ್ ಎತ್ತರದಿಂದ ಕೆಡವಿದಷ್ಟು.

ಹಾಗಾಗಿ ನಮ್ಮ ಸಲಹೆ ನೇರವಾಗಿದೆ: ಬೌಲ್, ಲಾಕ್ ರಿಂಗ್, ಸ್ಪಿಂಡಲ್ ಈ ಮೂರನ್ನು ಬಿಡಿಭಾಗವಾಗಿ ಮಾರುವ ತಯಾರಕರಿಂದ ಪರೀಕ್ಷಾ ಪತ್ರದ ಸಮೇತ ಕೊಳ್ಳಿ. ಚೌಕಟ್ಟು, ಹಾಲಿನ ತೊಟ್ಟಿ, ಫ್ಲೋಟ್, ಹೀಟರ್, ಹೊರಕವಚ ನೀವೇ ಮಾಡಿ. ಮಾಡಿಯೇ ತೀರುತ್ತೇವೆ ಎಂದರೆ ಫೋರ್ಜ್ ಮಾಡಿದ ಗಟ್ಟಿಯಿಂದಲೇ ಕಡೆಯಬೇಕು. ಪೈಪು ತುಂಡಿಗೆ ತಳ ವೆಲ್ಡ್ ಮಾಡಿದ ಬೌಲ್ ಬೇಡವೇ ಬೇಡ. ಅಲ್ಟ್ರಾಸಾನಿಕ್ ಪರೀಕ್ಷೆ, ಬಣ್ಣ ಹಚ್ಚಿ ಬಿರುಕು ನೋಡುವ ಡೈ ಪರೀಕ್ಷೆ ಎರಡೂ ಆಗಬೇಕು. ವೇಗ ಮೀರಿಸಿ ನೋಡುವ ಪರೀಕ್ಷೆ ಮುಚ್ಚಿದ ಗುಂಡಿಯೊಳಗೆ, ಯಾರೂ ಹತ್ತಿರ ಇಲ್ಲದಾಗ ನಡೆಯಬೇಕು.

ಚಾಲನೆಗೆ 2,880 ಆರ್‌ಪಿಎಂ ಮೋಟಾರು, 150 ಮತ್ತು 60 ಮಿ.ಮೀ. ಪುಲ್ಲಿ, ಚಪ್ಪಟೆ ಬೆಲ್ಟ್: ಸರಿಯಾಗಿ 7,200. ಮುಕ್ಕಾಲು ಕಿಲೋವ್ಯಾಟ್ ಮೋಟಾರು ಸಾಕು. ಹಾಲಿಗೆ ವೇಗ ಕೊಡಲು ಬೇಕಾಗುವುದು ನೂರು ವ್ಯಾಟ್‌ಗೂ ಕಡಿಮೆ, ಉಳಿದದ್ದು ಗಾಳಿಯ ತಡೆ ಮತ್ತು ಬೇರಿಂಗಿಗೆ. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಹಾಕುವುದಾದರೆ 50 ಹರ್ಟ್ಸ್‌ಗೆ ಬೀಗ ಹಾಕಿಬಿಡಿ. ಯಾರಾದರೂ 60ಕ್ಕೆ ತಿರುಗಿಸಿದರೆ ಮೂರು ಟನ್ ಬಲ 4.3 ಟನ್ ಆಗುತ್ತದೆ.

ಪ್ರಶ್ನೆ: ನಮ್ಮ ಸೆಪರೇಟರ್‌ನ ಸ್ಕಿಮ್ (ಕೆನೆ ತೆಗೆದ) ಹಾಲಿನಲ್ಲಿ 0.3% ಫ್ಯಾಟ್ ಉಳಿಯುತ್ತಿದೆ. ಮೊದಲು 0.1% ಇತ್ತು. ವೇಗ ಸರಿಯಾಗಿದೆ. ಏನು ತಪ್ಪಿದೆ? (ಹಾಸನ)

ಮೊದಲು ಅಳತೆಯನ್ನೇ ಅನುಮಾನಿಸಿ. ಮಾಮೂಲಿ ಹಾಲಿನ ಗರ್ಬರ್ ಬ್ಯುಟಿರೋಮೀಟರಿನಲ್ಲಿ (ಫ್ಯಾಟ್ ಅಳೆಯುವ ಗಾಜಿನ ಕೊಳವೆ) 0.1 ಮತ್ತು 0.3 ಓದುವುದು ಕಣ್ಣಂದಾಜಷ್ಟೇ. ಸ್ಕಿಮ್ ಹಾಲಿಗೆಂದೇ ಕಿರಿದಾದ ಕತ್ತಿನ ಬ್ಯುಟಿರೋಮೀಟರ್ ಇದೆ, ಅದರಲ್ಲಿ ನೋಡಿ.

ಅಳತೆ ನಿಜವಾದರೆ ಥರ್ಮಾಮೀಟರ್ ತೆಗೆಯಿರಿ. ಹಾಲು ಬೌಲಿಗೆ ಬೀಳುವ ಜಾಗದಲ್ಲಿ 45-55°ಸೆ. ಇರಬೇಕು, ತೊಟ್ಟಿಯಲ್ಲಿ ಇದ್ದರೆ ಸಾಲದು. 20°ಯಿಂದ 50°ಗೆ ಬಂದರೆ ಹಾಲಿನ ಸ್ನಿಗ್ಧತೆ ಅರ್ಧಕ್ಕೆ ಇಳಿಯುತ್ತದೆ, ಗುಂಡಿನ ವೇಗ ದುಪ್ಪಟ್ಟಾಗುತ್ತದೆ. ಆರ್‌ಪಿಎಂ 41% ಏರಿಸಿದರೆ ಸಿಗುವ ಲಾಭ ಇಲ್ಲಿ ಬಿಸಿನೀರಿನಿಂದಲೇ ಸಿಗುತ್ತದೆ.

ಆಮೇಲೆ ಕೆನೆ ಸ್ಕ್ರೂ, ಅಂದರೆ ಕೆನೆ ಹೊರಬರುವ ದಾರಿಯ ತಿರುಪು. ಅದನ್ನು ಒಳಕ್ಕೆ ತಿರುಗಿಸಿದಷ್ಟೂ ಕೆನೆ ಗಟ್ಟಿಯಾಗುತ್ತದೆ. ಬೆಣ್ಣೆಗೆ ಅನುಕೂಲ ಎಂದು ಕೆನೆಯ ಫ್ಯಾಟನ್ನು 50% ದಾಟಿಸಿದರೆ ಕೆನೆ ಹೊರಹೋಗಲಾರದೆ ಡಿಸ್ಕ್‌ಗಳ ನಡುವೆ ಹಿಂದಕ್ಕೆ ಒತ್ತಿ ಸ್ಕಿಮ್‌ಗೆ ಬೆರೆಯುತ್ತದೆ. 40-45%ಗೆ ನಿಲ್ಲಿಸಿ. ತಾಳೆಗೆ ಒಂದು ಲೆಕ್ಕ: 6.5% ಫ್ಯಾಟ್‌ನ 100 ಕೆ.ಜಿ. ಎಮ್ಮೆ ಹಾಲಿನಿಂದ 45% ಕೆನೆ, 0.1% ಸ್ಕಿಮ್ ಬರಬೇಕಾದರೆ ಕೆನೆಯ ತೂಕ (6.5 − 0.1) ÷ (45 − 0.1) × 100, ಅಂದರೆ 14.25 ಕೆ.ಜಿ. ಹಸುವಿನ ಹಾಲಿಗೆ ಇಟ್ಟ ಸ್ಕ್ರೂವನ್ನು ಹಾಗೇ ಬಿಟ್ಟು ಎಮ್ಮೆ ಹಾಲು ಸುರಿದರೆ ಲೆಕ್ಕ ತಪ್ಪುವುದು ಖಂಡಿತ.

ಇವೆರಡೂ ಸರಿಯಿದ್ದರೆ ಪಂಪ್ ನೋಡಿ. ತಣ್ಣಗಿನ ಹಾಲನ್ನು ಗಾಳಿ ಎಳೆಯುವ ಪಂಪಿನಲ್ಲಿ ದೂಡಿದರೆ, ಅರ್ಧ ತೆರೆದ ವಾಲ್ವ್‌ನಲ್ಲಿ ಹಿಸುಕಿದರೆ ಗುಂಡುಗಳು ಒಡೆದು 1 ಮೈಕ್ರಾನಿಗಿಂತ ಚಿಕ್ಕದಾಗುತ್ತವೆ. ಅವು ಬೌಲಿನಲ್ಲಿ ಸಿಗುವುದು ಕಷ್ಟ. ಸೆಪರೇಟರಿಗೆ ಹಾಲು ಮೇಲಿನ ತೊಟ್ಟಿಯಿಂದ ಫ್ಲೋಟ್ ಮೂಲಕ ತಾನಾಗಿ ಇಳಿಯುವುದೇ ಚೆಂದ. ಹಾಗೆಯೇ, ತೊಳೆಯುವಾಗ ಒಂದು ಡಿಸ್ಕ್ ಕಳೆದಿದ್ದರೂ ಕಟ್ಟು ಸಡಿಲವಾಗುತ್ತದೆ. ಲಾಕ್ ರಿಂಗ್ ಬಿಗಿಯುವಾಗ ಕೊನೆಯಲ್ಲಿ ಗಟ್ಟಿ ಒತ್ತಡ ಕೈಗೆ ತಿಳಿಯಬೇಕು. ತಿಳಿಯದಿದ್ದರೆ ಡಿಸ್ಕ್ ಎಣಿಸಿ. ಹುಳಿ ಹಿಡಿಯತೊಡಗಿದ ಹಾಲಂತೂ ಪ್ರೋಟೀನ್ ಒಡೆದು ಸಂದಿಗಳನ್ನು ಕಾಲು ಗಂಟೆಯಲ್ಲೇ ಕಟ್ಟುತ್ತದೆ.

0.3% ಸಣ್ಣ ಅಂಕಿ ಎನಿಸಬಹುದು. ಗಂಟೆಗೆ 430 ಕೆ.ಜಿ. ಸ್ಕಿಮ್ ಹೊರಹೋಗುವ ಯಂತ್ರದಲ್ಲಿ 0.1ಕ್ಕೂ 0.3ಕ್ಕೂ ಇರುವ ವ್ಯತ್ಯಾಸ ಗಂಟೆಗೆ 860 ಗ್ರಾಂ ಕೊಬ್ಬು, ಅಂದರೆ ಒಂದು ಕಿಲೋಗಿಂತ ಹೆಚ್ಚು ಬೆಣ್ಣೆ.

ಪ್ರಶ್ನೆ: ಹಳೆಯ ಕೆನೆ ಯಂತ್ರದಲ್ಲಿ ತೆಂಗಿನ ಹಾಲು ಹಾಕಿ ವರ್ಜಿನ್ ಎಣ್ಣೆ ತೆಗೆಯಲು ನೋಡಿದೆವು. ಬರೀ ದಪ್ಪ ಕೆನೆ ಬರುತ್ತದೆ, ಎಣ್ಣೆ ಬರುವುದಿಲ್ಲ. ವೇಗ ಸಾಲದೇ? (ತಿಪಟೂರು)

ವೇಗದ ದೋಷವಲ್ಲ. ಬೇರೆಯಾಗಿರುವ ಎರಡು ದ್ರವಗಳನ್ನು ಸೆಪರೇಟರ್ ಎಳೆದು ದೂರ ಮಾಡಬಲ್ಲದು. ತೆಂಗಿನ ಹಾಲಿನಲ್ಲಿ ಎಣ್ಣೆಯ ಪ್ರತಿ ಹನಿಯೂ ಪ್ರೋಟೀನಿನ ಪೊರೆ ಹೊದ್ದು ಕೂತಿರುತ್ತದೆ. ಹನಿಗಳು ಒಂದೆಡೆ ಒತ್ತೊತ್ತಾಗಿ ಸೇರಿದರೆ ಅದೇ ಕೆನೆ. ಪೊರೆ ಒಡೆದು ಹನಿಗಳು ಕೂಡಿಕೊಂಡರೆ ಮಾತ್ರ ಎಣ್ಣೆ. ಕಡಗೋಲು ಆಡಿಸದೆ ಕೆನೆ ತಾನಾಗಿ ಬೆಣ್ಣೆಯಾಗುತ್ತದೆಯೇ?

ಆದ್ದರಿಂದ ಎರಡು ಸುತ್ತು ಬೇಕು. ಮೊದಲ ಸುತ್ತಿಗೆ ತೆಂಗಿನ ಹಾಲನ್ನು 100 ಮೆಶ್ ಜಾಲರಿಯಲ್ಲಿ ಸೋಸಿ. ನಾರು ಒಳಹೋದರೆ ಅರ್ಧ ಗಂಟೆಯಲ್ಲಿ ಬೌಲಿನ ಅಂಚು ತುಂಬುತ್ತದೆ. 40°ಸೆ. ಆಸುಪಾಸಿನಲ್ಲಿ ಓಡಿಸಿ ಸಾಧ್ಯವಾದಷ್ಟು ಗಟ್ಟಿ ಕೆನೆ ತೆಗೆಯಿರಿ. ಇಲ್ಲಿ ನೀರನ್ನು ಕಳೆಯುವುದೇ ಗುರಿ. ಆ ಕೆನೆಯನ್ನು 10°ಗಿಂತ ಕೆಳಗೆ ಐದಾರು ಗಂಟೆ ಇಡಿ. ಕೊಬ್ಬು ಹರಳುಗಟ್ಟಿ, ಹರಳಿನ ಮೊನೆಗಳು ಪೊರೆಯನ್ನು ತಿವಿಯುತ್ತವೆ. ಆಮೇಲೆ ನಿಧಾನ ಕದಡುತ್ತ 40°ಗೆ ತನ್ನಿ. ಮೇಲೆ ತಿಳಿ ಎಣ್ಣೆಯ ಕಣ್ಣುಗಳು ತೇಲಿದರೆ ಪೊರೆ ಒಡೆದಿದೆ ಎಂದರ್ಥ. ಕಾಣದಿದ್ದರೆ ಸೆಪರೇಟರಿಗೆ ಹಾಕಿ ಕರೆಂಟು ಸುಡಬೇಡಿ, ಮತ್ತೆ ತಣ್ಣಗಿಡಿ. ಕುದಿಸಿಯೂ ಪೊರೆ ಒಡೆಯಬಹುದು, ಆದರೆ ಪ್ರೋಟೀನ್ ಹೆಪ್ಪುಗಟ್ಟಿ ಬಣ್ಣ, ಪರಿಮಳ ಎರಡೂ ಬದಲಾಗುತ್ತವೆ.

ಎರಡನೆಯ ಸುತ್ತಿಗೆ ಕೆನೆ ಯಂತ್ರದ ಹೊಂದಿಕೆ ನಡೆಯದು. ಈಗ ಎಣ್ಣೆ ಜಾಸ್ತಿ, ನೀರು ಕಡಿಮೆ. ಬೌಲಿನೊಳಗೆ ಎಣ್ಣೆ ನೀರು ಸೇರುವ ಗಡಿ ಎಲ್ಲಿ ನಿಲ್ಲುತ್ತದೆ ಎಂಬುದು ಎರಡು ಹೊರದಾರಿಗಳ ತ್ರಿಜ್ಯದ ಮೇಲೆ ನಿಂತಿದೆ:

ಗಡಿ ತ್ರಿಜ್ಯದ ವರ್ಗ = (ನೀರಿನ ಸಾಂದ್ರತೆ × ನೀರಿನ ದಾರಿಯ ತ್ರಿಜ್ಯದ ವರ್ಗ − ಎಣ್ಣೆಯ ಸಾಂದ್ರತೆ × ಎಣ್ಣೆ ದಾರಿಯ ತ್ರಿಜ್ಯದ ವರ್ಗ) ÷ ಸಾಂದ್ರತೆಯ ವ್ಯತ್ಯಾಸ

ಆರ್‌ಪಿಎಂ ಇದರಲ್ಲಿ ಎಲ್ಲಿಯೂ ಇಲ್ಲ. ಎರಡೂ ಕಡೆಯ ಒತ್ತಡ ಒಟ್ಟಿಗೇ ಏರುವುದರಿಂದ ಅದು ರದ್ದಾಗುತ್ತದೆ. 40°ಯಲ್ಲಿ ಸಾಂದ್ರತೆ (ಘನ ಮೀಟರಿಗೆ ಕೆ.ಜಿ.) ಎಣ್ಣೆಗೆ 908, ಸಕ್ಕರೆ ಪ್ರೋಟೀನ್ ಕರಗಿದ ನೀರಿಗೆ ಸುಮಾರು 1,005, ಎಣ್ಣೆಯ ದಾರಿ 30 ಮಿ.ಮೀ. ತ್ರಿಜ್ಯದಲ್ಲಿದೆ ಎನ್ನಿ. ನೀರಿನ ದಾರಿಯ ರಿಂಗ್ 32 ಮಿ.ಮೀ. ಇದ್ದರೆ ಗಡಿ 46.7ರಲ್ಲಿ, 33ಕ್ಕೆ 53.5; 33.5ಕ್ಕೆ 56.6, 34ಕ್ಕೆ 59.6. ಎಣ್ಣೆ ಶುದ್ಧ ಬೇಕಾದರೆ ಗಡಿ ಡಿಸ್ಕ್‌ಗಳ ಹೊರ ಅಂಚಿನಾಚೆ, ಆದರೆ ಮೇಲ್ಡಿಸ್ಕ್‌ನ (ಎಲ್ಲಕ್ಕೂ ಮೇಲಿರುವ ಅಗಲದ ಡಿಸ್ಕ್) ಅಂಚಿನೊಳಗೆ ನಿಲ್ಲಬೇಕು. ಡಿಸ್ಕ್ ಅಂಚು 52, ಮೇಲ್ಡಿಸ್ಕ್ 60 ಮಿ.ಮೀ. ಆದರೆ 33.5ರ ರಿಂಗ್ ಸರಿ. 34 ಹಾಕಿದರೆ ಸ್ವಲ್ಪ ಅಲುಗಿದರೂ ಎಣ್ಣೆ ನೀರಿನ ದಾರಿ ಹಿಡಿಯುತ್ತದೆ. ಲೇತ್‌ನಲ್ಲಿ ಅರ್ಧರ್ಧ ಮಿ.ಮೀ. ಅಂತರದ ನಾಲ್ಕೈದು ರಿಂಗ್ ಮಾಡಿಸಿಟ್ಟುಕೊಳ್ಳಿ.

ಎಣ್ಣೆ ಬಿಡುವ ಮೊದಲು 45°ಯ ಬಿಸಿನೀರನ್ನು ನೀರಿನ ದಾರಿಯಿಂದ ಹೊರಬರುವ ತನಕ ಹಾಕಿ. ಹೊರಗೋಡೆಗೆ ನೀರಿನ ಪಟ್ಟಿ ಕಟ್ಟದಿದ್ದರೆ ಎಣ್ಣೆಗೆ ತಡೆ ಇಲ್ಲ. ಬೌಲೂ ಬೆಚ್ಚಗಾಗುತ್ತದೆ. ಕೊಬ್ಬರಿ ಎಣ್ಣೆ 24-25°ಗೆ ಹೆಪ್ಪಾಗುವುದರಿಂದ ಚಳಿಗಾಲದ ಬೆಳಗ್ಗೆ ತಣ್ಣನೆಯ ಬೌಲಿನಲ್ಲಿ ಶುರುಮಾಡಿದರೆ ಡಿಸ್ಕ್‌ಗಳ ಮೇಲೆ ಮೇಣ ಕಟ್ಟುತ್ತದೆ. ಕೊನೆಗೆ ಉಳಿದ ತೇವವನ್ನು 60° ಒಳಗೆ ವ್ಯಾಕ್ಯೂಮ್‌ನಲ್ಲಿ ಒಣಗಿಸಿ, ಇಲ್ಲವಾದರೆ ಕೆಲವೇ ವಾರದಲ್ಲಿ ಕಮಟು ವಾಸನೆ ಬರುತ್ತದೆ.

ಕಡಿಮೆ ಬೆಲೆಯ ಹಳೆ ಯಂತ್ರಗಳಲ್ಲಿ ಡಿಸ್ಕ್ ಅಲ್ಯೂಮಿನಿಯಂನದು. ಅವನ್ನು ಕಾಸ್ಟಿಕ್‌ನಲ್ಲಿ ತೊಳೆದರೆ ಕರಗಿ ಹೋಗುತ್ತವೆ. ಸ್ಟೇನ್‌ಲೆಸ್ ಆದರೆ 1-1.5% ಕಾಸ್ಟಿಕ್, 70°. ಬ್ಲೀಚಿಂಗ್ ಪೌಡರ್ ನೀರನ್ನಂತೂ ಯಾವ ಬೌಲಿನಲ್ಲೂ ರಾತ್ರಿ ಬಿಡಬೇಡಿ. ಕ್ಲೋರಿನ್ ಸ್ಟೇನ್‌ಲೆಸ್‌ನಲ್ಲೂ ಗುಳಿ ಬೀಳಿಸುತ್ತದೆ, ಬಿರುಕು ಹುಟ್ಟುವುದು ಆ ಗುಳಿಯಲ್ಲೇ.

ಪ್ರಶ್ನೆ: ಹಡಗಿನ ಫ್ಯುಯಲ್ ಆಯಿಲ್ ಪ್ಯೂರಿಫೈಯರ್‌ನಲ್ಲಿ ನೀರಿನ ಕಡೆಯಿಂದ ಎಣ್ಣೆ ಹೋಗುತ್ತಿದೆ. ಗ್ರಾವಿಟಿ ಡಿಸ್ಕ್ ಬದಲಿಸಬೇಕೇ? (ಮಂಗಳೂರು, ಮರೈನ್ ಎಂಜಿನಿಯರಿಂಗ್ ವಿದ್ಯಾರ್ಥಿ)

ಗ್ರಾವಿಟಿ ಡಿಸ್ಕ್ ಎಂದರೆ ಮೇಲಿನ ಉತ್ತರದಲ್ಲಿ ಹೇಳಿದ ನೀರಿನ ದಾರಿಯ ರಿಂಗ್. ಬದಲಿಸಬೇಕಾಗಬಹುದು, ಆದರೆ ಅದು ಐದನೆಯ ಹೆಜ್ಜೆ. ಮೊದಲು ಸೀಲಿಂಗ್ ನೀರು (ಎಣ್ಣೆಗೆ ಮುಂಚೆ ಹಾಕಿ ಹೊರಗೋಡೆಗೆ ಪಟ್ಟಿ ಕಟ್ಟುವ ನೀರು) ಬಂದಿತ್ತೇ ನೋಡಿ. ಎರಡನೆಯದು ತಾಪಮಾನ: ದಪ್ಪ ಎಣ್ಣೆಗೆ 98°ಸೆ. ಬೇಕು. 90°ಗೆ ಇಳಿದರೆ ಸ್ನಿಗ್ಧತೆ ಕಾಲುಭಾಗಕ್ಕೂ ಹೆಚ್ಚು ಏರುತ್ತದೆ. ಮೂರನೆಯದು ಹರಿವು, ವಾಲ್ವ್ ಯಾರಾದರೂ ಜಾಸ್ತಿ ತೆರೆದರೇ? ನಾಲ್ಕನೆಯದು ಬೌಲ್ ನಿಜಕ್ಕೂ ಮುಚ್ಚಿದೆಯೇ. ಬೌಲನ್ನು ಮುಚ್ಚಿ ಹಿಡಿಯುವ ಆಪರೇಟಿಂಗ್ ನೀರಿನ ಒತ್ತಡ ಕಡಿಮೆಯಿದ್ದರೆ, ಸೀಲ್ ರಿಂಗ್ ಸವೆದಿದ್ದರೆ ಎಣ್ಣೆ ಕೆಸರಿನ ದಾರಿಯಲ್ಲೂ ಸೋರುತ್ತದೆ.

ಐದನೆಯದಾಗಿ ಗ್ರಾವಿಟಿ ಡಿಸ್ಕ್. ಮೇಲಿನ ಉತ್ತರದ ಸೂತ್ರವೇ ಇಲ್ಲಿಯೂ ನಡೆಯುತ್ತದೆ, ಆದರೆ ಸಾಂದ್ರತೆಯ ವ್ಯತ್ಯಾಸ ತೀರಾ ಕಡಿಮೆ. 98°ಯಲ್ಲಿ ನೀರು 960, 15°ಯಲ್ಲಿ 985 ಇರುವ ಎಣ್ಣೆ ಸುಮಾರು 930. ವ್ಯತ್ಯಾಸ ಬರೀ 30. ಎಣ್ಣೆ ದಾರಿ 30 ಮಿ.ಮೀ. ಇದ್ದಾಗ ನೀರಿನ ದಾರಿ 30.5ರಿಂದ 31 ಆದರೆ ಗಡಿ 43ರಿಂದ 53 ಮಿ.ಮೀ.ಗೆ ಹಾರುತ್ತದೆ. ಅರ್ಧ ಮಿಲಿಮೀಟರಿಗೆ ಹತ್ತು! ಅದಕ್ಕೇ 15°ಯಲ್ಲಿ ಸಾಂದ್ರತೆ 991 ದಾಟಿದ ಎಣ್ಣೆಗೆ ಗ್ರಾವಿಟಿ ಡಿಸ್ಕ್ ಇರುವ ಸಾಮಾನ್ಯ ಪ್ಯೂರಿಫೈಯರ್ ಬಳಸುವುದಿಲ್ಲ. ನೀರನ್ನು ಸೆನ್ಸರ್ ನೋಡಿ ಬಿಡುವ ಬೇರೆ ಜಾತಿಯ ಯಂತ್ರಗಳಿವೆ, ಅವು 1,010ರ ತನಕ ನಡೆಯುತ್ತವೆ. ಆಯ್ಕೆಯ ನಿಯಮ: ನೀರಿನ ಸೀಲ್ ಒಡೆಯದಷ್ಟು ಮಟ್ಟಿಗೆ ಅತಿ ದೊಡ್ಡ ತೂತಿನ ಡಿಸ್ಕ್. ಬಂಕರ್ (ಹಡಗಿಗೆ ತುಂಬಿಸುವ ಇಂಧನ) ಬದಲಾದಾಗಲೆಲ್ಲ ಹೊಸ ಎಣ್ಣೆಯ ಸಾಂದ್ರತೆ ನೋಡಿ ಚಾರ್ಟಿನಿಂದ ಆರಿಸಬೇಕು.

ಪ್ರಶ್ನೆ: ಚಾಲೂ ಮಾಡಿದಾಗ ನಡುವೆ ಒಂದು ವೇಗದಲ್ಲಿ ಯಂತ್ರ ನಡುಗಿ ಆಮೇಲೆ ಸರಿಹೋಗುತ್ತದೆ. ಈಚೆಗೆ ಪೂರ್ಣ ವೇಗದಲ್ಲೂ ನಡುಕವಿದೆ. (ಬೆಳಗಾವಿ)

ಎರಡೂ ಬೇರೆ ಬೇರೆ ವಿಷಯ. ನಡುವಿನ ನಡುಕ ಸಹಜ. ಬೌಲ್ ಕೂತ ಸ್ಪಿಂಡಲಿನ ಮೇಲಿನ ಬೇರಿಂಗನ್ನು ಸ್ಪ್ರಿಂಗ್ ಅಥವಾ ರಬ್ಬರಿನ ಮೇಲೆ ಕೂರಿಸಿರುತ್ತಾರೆ. ಅದರ ಸ್ವಂತ ಕಂಪನಕ್ಕೆ ತಾಳೆಯಾಗುವ ವೇಗವನ್ನು ದಾಟುವಾಗ ಯಂತ್ರ ಅಲುಗುತ್ತದೆ, ದಾಟಿದ ಮೇಲೆ ಬೌಲ್ ತನ್ನದೇ ತೂಕದ ಕೇಂದ್ರದ ಸುತ್ತ ತಿರುಗಿ ಶಾಂತವಾಗುತ್ತದೆ. ಆ ವೇಗದಲ್ಲಿ ನಿಲ್ಲದೆ ದಾಟಿಸಬೇಕು, ಅಷ್ಟೇ.

ಪೂರ್ಣ ವೇಗದ ನಡುಕ ಅಪಾಯ. ತಕ್ಷಣ ನಿಲ್ಲಿಸಿ. ಬಹಳ ಸಲ ಕಾರಣ ಒಂದು ಪಕ್ಕಕ್ಕೆ ಕಟ್ಟಿದ ಕೆಸರು. 95 ಮಿ.ಮೀ. ತ್ರಿಜ್ಯದಲ್ಲಿ 10 ಗ್ರಾಂ ಕೆಸರು 7,200 ಆರ್‌ಪಿಎಂನಲ್ಲಿ 55 ಕೆ.ಜಿ. ತೂಕದಷ್ಟು ಎಳೆಯುತ್ತದೆ. ಸೆಪರೇಟರ್ ಬೌಲಿಗೆ ಹಿಡಿಯುವ ಜಿ 6.3 ಸಮತೋಲನ ದರ್ಜೆಯಲ್ಲಿ 12 ಕೆ.ಜಿ. ಬೌಲಿಗೆ ಸುಮಾರು 100 ಗ್ರಾಂ-ಮಿ.ಮೀ. ಮಾತ್ರ ಮಾಫಿ, ಅಂದರೆ ಅಂಚಿನಲ್ಲಿ ಒಂದೇ ಗ್ರಾಂ. ಹಾಗಾಗಿ ಎರಡು ಯಂತ್ರಗಳ ಡಿಸ್ಕ್‌ಗಳನ್ನು ಬೆರೆಸಬಾರದು, ನಂಬರಿನ ಕ್ರಮ ತಪ್ಪಿಸಬಾರದು. ಮುಚ್ಚಳ ಮತ್ತು ಬೌಲಿನ ಮೇಲಿನ ಗುರುತುಗಳು ಎದುರುಬದುರು ಬರಬೇಕು. ಬಿಗಿದಾಗ ಲಾಕ್ ರಿಂಗ್ ಗುರುತನ್ನು ದಾಟಿ ಮುಂದಕ್ಕೆ ಹೋಗುತ್ತಿದ್ದರೆ ಮರೆ ಸವೆದಿದೆ. ಆ ರಿಂಗ್ ಇನ್ನು ಬಳಸಬೇಡಿ. ಇವೆಲ್ಲ ಸರಿಯಿದ್ದರೆ ಬೇರಿಂಗ್ ಮತ್ತು ರಬ್ಬರ್ ನೋಡಿ.

ಸ್ವಿಚ್ ಆರಿಸಿದ ಮೇಲೂ ಬೌಲ್ ಹಲವು ನಿಮಿಷ ತಿರುಗುತ್ತದೆ, ಸದ್ದಿಲ್ಲದೆ. ಪೂರ್ತಿ ನಿಂತಿದೆ ಎಂದು ಕಣ್ಣಾರೆ ಕಾಣದೆ ಒಂದು ಬೋಲ್ಟನ್ನೂ ಸಡಿಲಿಸಬೇಡಿ.

ಪ್ರಶ್ನೆ: ಸೆಪರೇಟರ್ ಕಂಡುಹಿಡಿದವರು ಯಾರು? (ಧಾರವಾಡ, ಡಿಪ್ಲೊಮಾ ವಿದ್ಯಾರ್ಥಿ)

ನಿರಂತರ ಹರಿವಿನ ಕೆನೆ ಯಂತ್ರವನ್ನು ಸ್ವೀಡನ್ನಿನ ಗುಸ್ತಾಫ್ ದ ಲಾವಲ್ 1878ರಲ್ಲಿ ಮಾಡಿದರು. ಅದರಲ್ಲಿ ಡಿಸ್ಕ್ ಇರಲಿಲ್ಲ, ಖಾಲಿ ಬೌಲ್. ಡಿಸ್ಕ್‌ಗಳ ಪೇಟೆಂಟ್ 1888ರಲ್ಲಿ ಜರ್ಮನಿಯ ಕ್ಲೆಮೆನ್ಸ್ ಫಾನ್ ಬೆಕ್ಟೋಲ್ಸ್‌ಹೈಮ್ ಪಡೆದರು, ದ ಲಾವಲ್ ಅವರ ಕಂಪನಿ ಅದನ್ನು ಕೊಂಡಿತು. ಬೌಲನ್ನು ಓಡಿಸಲು ವೇಗದ ಎಂಜಿನ್ ಬೇಕಾಗಿಯೇ ದ ಲಾವಲ್ ಉಗಿ ಟರ್ಬೈನಿನ ಹಿಂದೆ ಬಿದ್ದರು. ಅವರ ಹೆಸರಿನ ನಾಜಲ್ ಈಗ ರಾಕೆಟ್‌ಗಳಲ್ಲಿದೆ.

ಪ್ರಶ್ನೆ: ಕೈಯಿಂದ ತಿರುಗಿಸುವ ಕೆನೆ ಯಂತ್ರದ ಹಿಡಿಕೆಯಲ್ಲಿ ಗಂಟೆ ಇದೆ, ಬಡಿಯುತ್ತಿಲ್ಲ. ಯಂತ್ರಕ್ಕೆ ತೊಂದರೆಯೇ? (ಶಿರಸಿ)

ಯಂತ್ರಕ್ಕಿಲ್ಲ, ಕೆನೆಗೆ ಇದೆ. ಆ ಗಂಟೆಯೇ ನಿಮ್ಮ ಸ್ಪೀಡೋಮೀಟರ್. ವೇಗ ಕಡಿಮೆಯಿದ್ದಾಗ ಪ್ರತಿ ಸುತ್ತಿಗೂ ಒಳಗಿನ ಗುಂಡು ಬಿದ್ದು ಬಡಿಯುತ್ತದೆ. ಬೇಕಾದ ವೇಗ ಬಂದಾಗ ಗುಂಡು ಹೊರಕ್ಕೆ ಒತ್ತಿ ಅಲ್ಲೇ ನಿಲ್ಲುತ್ತದೆ, ಸದ್ದು ನಿಲ್ಲುತ್ತದೆ. ಬಿಚ್ಚಿ ಒಣಗಿದ ಹಾಲು, ತುಕ್ಕು ತೆಗೆದು ಗುಂಡು ಸಲೀಸಾಗಿ ಆಡುವಂತೆ ಮಾಡಿ. ಅಲ್ಲಿಯವರೆಗೆ ಹಿಡಿಕೆಯ ಮೇಲೆ ಕೆತ್ತಿರುವ ಸಂಖ್ಯೆ (ಅನೇಕ ಯಂತ್ರಗಳಲ್ಲಿ ನಿಮಿಷಕ್ಕೆ 60 ಸುತ್ತು) ನೋಡಿ ಗಡಿಯಾರದ ಮುಳ್ಳಿಗೆ ಸರಿಯಾಗಿ ತಿರುಗಿಸಿ. ಒಮ್ಮೆಲೇ ಎಳೆಯದೆ ಮೂರು ನಾಲ್ಕು ನಿಮಿಷದಲ್ಲಿ ವೇಗಕ್ಕೆ ತನ್ನಿ. ಹಾಲಿನ ನಲ್ಲಿ ತೆರೆಯುವುದು ಅದಾದ ಮೇಲೆ. ಹಾಲು ಮುಗಿದ ಮೇಲೆ ಎರಡು ಲೀಟರ್ ಬೆಚ್ಚಗಿನ ಸ್ಕಿಮ್ ಹಾಲು ಬಿಟ್ಟರೆ ಬೌಲಿನೊಳಗೆ ಉಳಿದ ಕೆನೆಯೂ ಹೊರಬರುತ್ತದೆ.